ಕುರುಗೋಡಿನ ಹಿತ್ತಲಿನ ಒಂದು ಸೇರು ಕಾಫಿ

ಬಳ್ಳಾರಿಯ ತೇರು ಬೀದಿಗೆ ಹತ್ತಿರದ ಒಂದು ಓಣಿಯಲ್ಲಿ ಚಂದ್ರಣ್ಣನವರ ಕಾಫಿ ಪುಡಿ ಅಂಗಡಿ ಇದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದ ಮೇಲೆ ಯಂಕಮ್ಮ ಮಾಡುವ ಮೊದಲ ಕೆಲಸ ಎಂದೂ ಬದಲಾಗುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮೇಲಿನ ಬಸವಣ್ಣನ ಪಟಕ್ಕೆ ಕೈ ಮುಗಿದು, ಬಾಯಿ ಬಿಚ್ಚಿದ ಚೀಲದಿಂದ ಒಂದು ಹಿಡಿ ಹಸಿ ಕಾಫಿ ಬೀಜ ತೆಗೆದುಕೊಳ್ಳುತ್ತಾರೆ. ಎರಡೂ ಅಂಗೈ ಕೂಡಿಸಿ ಬೀಜ ಮುಚ್ಚಿ, ಹೆಬ್ಬೆರಳುಗಳ ಸಂದಿಯಿಂದ ಒಳಗೆ ಬಿಸಿಯುಸಿರು ಊದುತ್ತಾರೆ. ಆಮೇಲೆ ಅದೇ ಸಂದಿಗೆ ಮೂಗಿಟ್ಟು ಕಣ್ಣು ಮುಚ್ಚುತ್ತಾರೆ.

"ಎಲ್ಲೀದಂತ ಇವತ್ತು?" ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ಚಂದ್ರಣ್ಣ ಕೇಳುತ್ತಾರೆ.

"ಕೆಳಗಿನ ತೋಟದ್ದು ರೀ. ಹಳ್ಳದ ದಂಡೀದು. ಮೋಡ ಇದ್ದಾಗ ಒಣಗ್ಸ್ಯಾರ, ಬಿಸಿಲು ಸಾಲ್ದಾಗೈತಿ."

"ಚೀಲದ ಚೀಟ್ಯಾಗ ಗುಡ್ಡದ ಮ್ಯಾಲಿಂದು ಅಂತ ಬರ್ದಾರಲ್ಲ?"

"ಚೀಟಿ ಮನಿಶಾ ಬರ್ದಾನ್ರೀ. ಬೀಜ ಬರ್ದಿಲ್ಲ."

ಚಂದ್ರಣ್ಣ ನಗುತ್ತಾರೆ. ಅವರ ಅಪ್ಪ ಆದವಾನಿಯಿಂದ ಬಂದು ಈ ಅಂಗಡಿ ಹಾಕಿದವರು. ಹುರಿಯುವ ವಿದ್ಯೆ ಅವರ ಮನೆಯದು. ಬೀಜ ಆರಿಸುವುದು, ಕಲ್ಲು ಕಡ್ಡಿ ತೆಗೆಯುವುದು, ಹುಳ ತಿಂದ ಬೀಜವನ್ನು ಬೇರೆ ಮಾಡುವುದು ಯಂಕಮ್ಮನ ಕೆಲಸ. ಕುರುಗೋಡಿನಿಂದ ಬೆಳಗಿನ ಬಸ್ಸು ಹತ್ತಿ ಬಂದು, ಸಂಜೆ ಐದಕ್ಕೆ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಹೀಗೆ ಏಳು ವರ್ಷವಾಗಿದೆ. ಜ್ವರ ಬಂದು ಅಂಗಡಿಗೆ ಹೋಗದ ದಿನವೂ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡ ನಾಲ್ಕು ಬೀಜ ತೆಗೆದು, ಹಾಸಿಗೆಯ ಮೇಲೆ ಕುಳಿತೇ ಉಸಿರು ಊದಿ ಮೂಸಿದ್ದಾರೆ.

ಕಾಫಿ ಪುಡಿ ಕೊಳ್ಳಲು ಹೋದಾಗಲೆಲ್ಲ ಇದನ್ನು ನೋಡುತ್ತಿದ್ದ ನಾನು ಒಮ್ಮೆ ಕೇಳಿದೆ, ಹಸಿ ಬೀಜದಲ್ಲಿ ಏನು ತಿಳಿಯುತ್ತದೆ ಎಂದು. ಅವರು ಎರಡು ಬೀಜ ತೆಗೆದು ನನ್ನ ಅಂಗೈ ಮೇಲೆ ಇಟ್ಟರು.

"ನಡುವಿನ ಗೀರು ನೋಡ್ರಿ. ಇದರದು ನೆಟ್ಟಗ ಐತಿ, ಬಾಯಿ ಬಿಟ್ಟೈತಿ. ಇದು ಕೆಳಗಿಂದು. ಇದರದು ಹಾವು ಹೋದಂಗ ಸೊಟ್ಟ ಐತಿ, ಬಿಗಿ ಮುಚ್ಚೈತಿ. ಇದು ಮ್ಯಾಲಿಂದು. ಮ್ಯಾಲೆ ರಾತ್ರಿ ಥಂಡಿ ರೀ. ಹಣ್ಣು ಅವಸರ ಮಾಡಂಗಿಲ್ಲ. ಕೆಳಗ ಎಂಟು ತಿಂಗಳಿಗೆ ಕೆಂಪಾಗೋದು ಮ್ಯಾಲೆ ಹತ್ತು ತಿಂಗಳು ತಗೋತೈತಿ. ಆ ಎರಡು ತಿಂಗಳು ಅದು ಒಳಗೊಳಗ ಏನು ಮಾಡ್ತೈತೋ, ಅದೇ ರುಚಿ."

ಒಮ್ಮೆ ಅಂಗಡಿಗೆ ಒಂದು ಚೀಲ ಬಂದಿತ್ತಂತೆ. ಬೀಜ ಊದಿಕೊಂಡು ಹಳದಿಗೆ ತಿರುಗಿತ್ತು. ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದಾಗ ಯಂಕಮ್ಮ ಉಸಿರು ಊದಿ, ಇದು ಕೆಟ್ಟದ್ದಲ್ಲ, ಯಾವುದೋ ನೀರಿನ ಬದಿಯಲ್ಲಿ ಬಹಳ ದಿನ ಕೂತು ಬಂದಿದೆ ಎಂದರು. ಚಂದ್ರಣ್ಣ ಫೋನು ಮಾಡಿ ವಿಚಾರಿಸಿದರು. ಮಳೆಗಾಲವಿಡೀ ಮಂಗಳೂರಿನ ಕಡಲ ಗಾಳಿಗೆ ಬೇಕೆಂದೇ ಬೀಜ ಹರವಿ ಹದ ಮಾಡುವ ಪದ್ಧತಿ ಇದೆ, ಅದು ಆ ಮಾಲು ಎಂದು ತಿಳಿಯಿತು. ಯಂಕಮ್ಮ ಸಮುದ್ರ ನೋಡಿದವರಲ್ಲ.

ಅವರು ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಹದಿನಾಲ್ಕು ತುಂಬಿದ ವರ್ಷ ಭತ್ತದ ಕೊಯ್ಲು ಮುಗಿದ ಕೂಡಲೇ ತಾಯಿ ಎಲ್ಲಮ್ಮ ಮಗಳನ್ನು ಕರೆದುಕೊಂಡು ಕೂಲಿ ಮೇಸ್ತ್ರಿಯ ಲಾರಿ ಹತ್ತಿದರು. ಚಿಕ್ಕಮಗಳೂರಿನ ಆಚೆಯ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಹೋಗುವ ಲಾರಿ ಅದು. ಅಂದಿನಿಂದ ಮೂವತ್ತು ವರ್ಷಕ್ಕೂ ಮಿಗಿಲು, ಮದುವೆಯಾಗಿ ಕುರುಗೋಡಿಗೆ ಬಂದ ಮೇಲೂ, ಯಂಕಮ್ಮ ಪ್ರತಿ ಚಳಿಗಾಲ ಆ ಗುಡ್ಡ ಹತ್ತಿದರು.

ತೋಟದ ತುತ್ತತುದಿಯಲ್ಲಿ ಒಂದು ಪಟ್ಟಿ ನೆಲ ಇತ್ತು. ಸದಾ ಗಾಳಿ ಬೀಸುವುದರಿಂದ ಹೆಣ್ಣಾಳುಗಳು ಅದನ್ನು ಗಾಳಿ ಪಟ್ಟಿ ಎಂದು ಕರೆಯುತ್ತಿದ್ದರು. ಎಲ್ಲ ಪಟ್ಟಿಗಳೂ ಮುಗಿದ ಮೇಲೆ ಕೊನೆಗೆ ಹಣ್ಣಾಗುತ್ತಿದ್ದುದು ಅದು. ಕೆಲಸ ಮುಗಿಯುವ ದಿನ ಕಣದಲ್ಲಿ ಗುಡಿಸಿ ಉಳಿದ ಬೀಜವನ್ನು ಆಳುಗಳಿಗೆ ಕೊಡುತ್ತಿದ್ದರು. ಎಲ್ಲಮ್ಮ ಅದನ್ನು ರೊಟ್ಟಿ ಹಂಚಿನ ಮೇಲೆ ಹುರಿದು, ಒರಳಲ್ಲಿ ಕುಟ್ಟಿ, ಬೆಲ್ಲ ಹಾಕಿ ಕುದಿಸುತ್ತಿದ್ದರು. ತಾಯಿ ಮಗಳು ಒಂದೇ ಲೋಟದಲ್ಲಿ ಸರದಿಯಂತೆ ಕುಡಿಯುತ್ತಿದ್ದರು. "ಕಿತ್ತಳಿ ಸಿಪ್ಪಿ ಮುರದಾಗ ಮೂಗಿಗೆ ಹಾರ್ತೈತಲ್ಲ ರೀ, ಅಂಥ ಹುಳಿ. ಕುಡಿದು ಲೋಟ ತೊಳೆದಿಟ್ಟ ಮ್ಯಾಲೂ ನಾಲಿಗಿ ಹಿಂದ ಸೀ ಉಳಿತಿತ್ತು. ಅವ್ವ ಆ ದಿನ ನೀರು ಸೈತ ಕುಡೀತಿದ್ದಿಲ್ಲ, ರುಚಿ ಹೋದೀತು ಅಂತ."

ಎಲ್ಲಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಎಂಟು ವರ್ಷದ ಹಿಂದೆ ಯಂಕಮ್ಮನ ಮೊಣಕಾಲೂ ಗುಡ್ಡ ಹತ್ತಲಾರೆ ಎಂದಿತು. ಆ ರುಚಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗಾಳಿ ಪಟ್ಟಿಯ ಬೀಜ ಉಳಿದ ಪಟ್ಟಿಗಳ ರಾಶಿಯಲ್ಲಿ ಬೆರೆತು ಹಡಗು ಹತ್ತಿ ಎಲ್ಲಿಗೋ ಹೋಗುತ್ತದೆ. ಆದರೂ ಒಂದು ಹಿಡಿಯಾದರೂ ದಾರಿ ತಪ್ಪಿ ಬಳ್ಳಾರಿಗೆ ಬಂದಿರಬಹುದೇ ಎಂದು ದಿನಾ ಬೆಳಿಗ್ಗೆ ಹೊಸ ಚೀಲಕ್ಕೆ ಉಸಿರು ಊದಿ ನೋಡುತ್ತಾರೆ. ಈ ಅಭ್ಯಾಸದ ಮೂಲ ಇದು ಎಂದು ಅವರು ಹೇಳಿದ್ದು ಬಹಳ ತಡವಾಗಿ, ನನ್ನ ಪರಿಚಯ ಮೂರು ವರ್ಷ ಹಳೆಯದಾದ ಮೇಲೆ.

ಕೊನೆಯ ಸಲ ಗುಡ್ಡ ಇಳಿಯುವಾಗ ಅವರು ಬರಿಗೈಯಲ್ಲಿ ಬರಲಿಲ್ಲ. ಗಾಳಿ ಪಟ್ಟಿಯ ಒಂದು ಹಳೆಯ ಗಿಡದ ಬುಡದಲ್ಲಿ ತಾನಾಗಿಯೇ ಹುಟ್ಟಿದ್ದ ಮೂರು ಸಸಿಗಳನ್ನು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ಕಿತ್ತು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುರುಗೋಡಿಗೆ ತಂದರು.

ಅವರ ಗಂಡ ಪಕ್ಕೀರಪ್ಪ ಕಾಲುವೆಯ ನೀರಗಂಟಿಯಾಗಿ ದುಡಿದವರು, ಈಗ ಮನೆಯಲ್ಲಿದ್ದಾರೆ. ಚಹಾ ಬಿಟ್ಟು ಬೇರೇನೂ ಕುಡಿಯದವರು. ಸಸಿ ನೋಡಿ ಅವರು ಕೇಳಿದ್ದು ಒಂದೇ ಮಾತು: "ಇಲ್ಲಿ ಬಿಸಿಲಿಗೆ ಮನಿಶಾರೇ ಬೀಜ ಹುರದಂಗ ಹುರದು ಹೋಗ್ತಾರ. ಇದನ್ಯಾಕ ಸಾಯಾಕ ಕರ್ಕೊಂಡು ಬಂದಿ?"

ಒಂದು ಸಸಿ ಮೊದಲ ಮೇ ತಿಂಗಳಲ್ಲೇ ಹೋಯಿತು. ಇನ್ನೊಂದನ್ನು ಆಡು ತಿಂದಿತು. ಮೂರನೆಯದು ಹಿತ್ತಲ ಬೇವಿನ ಮರಕ್ಕೂ ಗೋಡೆಗೂ ನಡುವಿನ ಮೂಲೆಯಲ್ಲಿ ಉಳಿದುಕೊಂಡಿತು. ಎರೆ ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಯಂಕಮ್ಮ ಗುಂಡಿ ತೋಡಿ, ಊರಿನ ಗುಡ್ಡದ ಬುಡದಿಂದ ನೀರು ಬಸಿಯುವ ಗರಸು ಮಣ್ಣು ತಂದು ತುಂಬಿದ್ದರು. ಬೇಸಿಗೆಯಲ್ಲಿ ತಮ್ಮ ಹಳೆಯ ಸೀರೆಗಳನ್ನು ಮರದಿಂದ ಗೋಡೆಗೆ ಕಟ್ಟಿ ನೆರಳು ಮಾಡಿ, ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸಲು ಗಂಡನಿಗೆ ಹೇಳಿ ಹೋಗುತ್ತಿದ್ದರು. "ಯಂಕತ್ತಿ ಗಿಡಕ್ಕ ಸೀರಿ ಉಡಸ್ಯಾಳ" ಎಂದು ಪಕ್ಕದ ಮನೆಯ ರೇಣುಕಾ ಓಣಿಗೆಲ್ಲ ಸುದ್ದಿ ಹಬ್ಬಿಸಿದಳು.

ಐದು ವರ್ಷ ಬೆಳೆದರೂ ಗಿಡ ಹೂ ಬಿಡಲಿಲ್ಲ. ಕಾಫಿಗೆ ಮಾರ್ಚಿನಲ್ಲಿ ಒಂದು ಹದವಾದ ಮಳೆ ಬೇಕು, ತೋಟದವರು ಅದನ್ನು ಹೂಮಳೆ ಎನ್ನುತ್ತಾರೆ. ಕುರುಗೋಡಿನಲ್ಲಿ ಮಾರ್ಚಿಗೆ ಮೋಡವೂ ಇರುವುದಿಲ್ಲ. ಆರನೆಯ ವರ್ಷ ಯಂಕಮ್ಮ ಒಂದು ಉಪಾಯ ಮಾಡಿದರು. ನಲವತ್ತು ದಿನ ಗಿಡಕ್ಕೆ ನೀರು ನಿಲ್ಲಿಸಿದರು. ಎಲೆ ಬಾಡಿ ಜೋತುಬಿದ್ದ ಮೇಲೆ ಒಂದು ಸಂಜೆ ಗಂಡನನ್ನು ಏಣಿಯ ಮೇಲೆ ನಿಲ್ಲಿಸಿ, ಕೈಗೆ ಹಿಟ್ಟಿನ ಜರಡಿ ಕೊಟ್ಟು, ಇಪ್ಪತ್ತು ಕೊಡ ನೀರನ್ನು ಅದರ ಮೂಲಕ ಹನಿಹನಿಯಾಗಿ ಸುರಿಸಿದರು.

"ಮೂವತ್ತು ವರ್ಷ ಕಾಲುವಿಗೆ ನೀರು ಬಿಟ್ಟೀನಿ. ಮಳಿ ಸುರಿಸಾಕ ಹಚ್ಚಿದಾಕಿ ನೀನೇ ಮೊದಲು" ಎಂದರು ಪಕ್ಕೀರಪ್ಪ ಏಣಿಯ ಮೇಲಿಂದ.

"ಮಾತಾಡಬ್ಯಾಡ್ರಿ, ಜರಡಿ ಅಲ್ಲಾಡಸ್ರಿ. ಒಂದ ಕಡಿ ಬೀಳಾಕ ಹತ್ತೈತಿ."

"ಗುಡುಗು ಬ್ಯಾಡೇನು? ಬೇಕಂದ್ರ ಒಂದೆರಡು ಗುಡುಗ್ತೀನಿ."

ಒಂಬತ್ತನೆಯ ದಿನ ಗಿಡದ ಕೊಂಬೆಗಳ ಮೇಲೆ ಬೆಳ್ಳಗೆ ಹೂ ನಿಂತಿತು. ಮಲ್ಲಿಗೆಯೆಂದು ತಿಳಿದು ರೇಣುಕಾ ಮುಡಿಗೆ ಕೇಳಲು ಬಂದಳು.

ಅಂಗಡಿಯಲ್ಲಿ ಇದೇ ಮಾತಾಯಿತು. ಚಂದ್ರಣ್ಣನವರಿಗೂ ಯಂಕಮ್ಮನಿಗೂ ಹಳೆಯದೊಂದು ವಾದವಿತ್ತು. ರುಚಿ ಇರುವುದು ಗಿಡದ ಜಾತಿಯಲ್ಲಿ, ಮತ್ತು ಹುರಿಯುವ ಕೈಯಲ್ಲಿ ಎನ್ನುವುದು ಚಂದ್ರಣ್ಣನವರ ಪಟ್ಟು. ಅಲ್ಲ, ಗಿಡ ನಿಂತ ಜಾಗದಲ್ಲಿ ಎನ್ನುವುದು ಯಂಕಮ್ಮನ ಪಟ್ಟು.

"ನೋಡಮ್ಮ, ಈಗ ತೀರ್ಮಾನ ಆಗ್ತೈತಿ" ಎಂದರು ಚಂದ್ರಣ್ಣ. "ಆ ಗುಡ್ಡದ ತಳಿ, ನನ್ನ ಕೈ. ಗುಡ್ಡದ ರುಚಿ ಬರ್ಲೇಬೇಕು. ಬಂದ್ರ ನಾ ಗೆದ್ದಂಗ, ಬರದಿದ್ರ ನೀ ಗೆದ್ದಂಗ."

ಯಂಕಮ್ಮ ಹೂಂ ಎಂದರು. ಆದರೆ ಮನಸ್ಸು ಅಷ್ಟು ಸರಳವಾಗಿರಲಿಲ್ಲ. ಬಾಯಿಯಲ್ಲಿ ಜಾಗ ಜಾಗ ಎಂದು ಸಾಧಿಸುತ್ತಿದ್ದವರು ಆರು ವರ್ಷ ಸೀರೆ ಕಟ್ಟಿ ನೀರು ಚಿಮುಕಿಸಿದ್ದು ತಮ್ಮ ಮಾತು ಸುಳ್ಳಾಗಲಿ ಎಂದೇ. ಗಿಡವೇ ಆ ರುಚಿಯನ್ನು ಹೊತ್ತು ಬಂದಿರಲಿ, ಅವ್ವ ಕುಡಿದ ಕಾಫಿ ಇನ್ನೊಂದು ಸಲ ಬಾಯಿಗೆ ಬರಲಿ ಎಂದು.

ಜನವರಿಯಲ್ಲಿ ಒಂದು ಸೇರಿನಷ್ಟು ಹಣ್ಣು ಸಿಕ್ಕಿತು. ಯಂಕಮ್ಮ ಅದನ್ನು ಮಾಳಿಗೆಯ ಮೇಲೆ ತಾಡಪಾಲಿನಲ್ಲಿ ಹರವಿ ಒಣಗಿಸಿ, ಸಿಪ್ಪೆ ಕುಟ್ಟಿ ಬೀಜ ಬಿಡಿಸಿ, ಪೊಟ್ಟಣ ಕಟ್ಟಿ ಅಂಗಡಿಗೆ ತಂದರು. ಚಂದ್ರಣ್ಣ ಕಬ್ಬಿಣದ ಬಾಣಲೆಯನ್ನು ಒಲೆಯ ಮೇಲಿಟ್ಟು ಬೀಜ ಸುರಿದು ಕೈಯಾಡಿಸತೊಡಗಿದರು. ಬೀಜ ಕೆಂಪಾಗುವ ಹೊತ್ತಿಗೆ ಅವರ ಗಂಟಲು ಕಟ್ಟಿತು. ಇನ್ನೊಂದು ಗಳಿಗೆಗೆ ಇಡೀ ಅಂಗಡಿ ಕೆಮ್ಮುತ್ತಿತ್ತು. ಪುಡಿ ಕೊಳ್ಳಲು ನಿಂತಿದ್ದ ಇಬ್ಬರು ಮೂಗು ಮುಚ್ಚಿಕೊಂಡು ಓಣಿಗೆ ಓಡಿದರು.

"ಅಯ್ಯೋ ದೇವುಡಾ!" ಚಂದ್ರಣ್ಣ ಕಣ್ಣು ಒರೆಸಿಕೊಳ್ಳುತ್ತ ಒಲೆ ಆರಿಸಿದರು. "ಯಂಕಮ್ಮ, ಇದು ಕಾಫಿನೋ, ಮಿರ್ಚಿ ಒಗ್ಗರಣಿನೋ?"

ಆ ತಾಡಪಾಲಿನ ಮೇಲೆ ಅದಕ್ಕೂ ಮುಂಚೆ ರೇಣುಕಾ ಹದಿನೈದು ದಿನ ಮೆಣಸಿನಕಾಯಿ ಒಣಗಿಸಿದ್ದಳು. ಪಕ್ಕದ ಮಾಳಿಗೆಯ ಮೇಲೆ ಇನ್ನೂ ಒಂದು ರಾಶಿ ಇತ್ತು. ಕಾಫಿ ಬೀಜ ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಊರಿಗೆಲ್ಲ ಹೇಳುವವರು ಯಂಕಮ್ಮ. ಅಂಗಡಿಯಲ್ಲಿ ಊದಿನಕಡ್ಡಿಯನ್ನೂ ಚೀಲದ ಹತ್ತಿರ ಹಚ್ಚಲು ಬಿಡದವರು. ಅವರೇ ಹೀಗೆ ಮಾಡಿದ್ದರು.

"ತಾಡಪಾಲು ಮೂಸಿ ನೋಡ್ಲಿಲ್ಲೇನು?"

"ನೋಡಿದ್ದೆ ರೀ" ಎಂದರು ಯಂಕಮ್ಮ ತಲೆ ತಗ್ಗಿಸಿ. "ಏನೂ ವಾಸನಿ ಬರ್ಲಿಲ್ಲ."

ಅದು ನಿಜವೇ. ಆ ದಿನಗಳಲ್ಲಿ ಕುರುಗೋಡಿನ ಮಾಳಿಗೆ, ಕಣ, ರಸ್ತೆಯ ಅಂಚು ಎಲ್ಲವೂ ಮೆಣಸಿನಕಾಯಿಯಿಂದ ಕೆಂಪಗಿರುತ್ತವೆ. ಹೊರಗಿನಿಂದ ಬಂದವರು ಬಸ್ಸು ಇಳಿಯುತ್ತಲೇ ಸೀನುತ್ತಾರೆ. ಊರಿನವರಿಗೆ ಅದು ಬರಿಯ ಗಾಳಿ. ಅರವತ್ತು ಹರದಾರಿ ದೂರದ ಗುಡ್ಡವನ್ನು ಹಿಡಿಯುವ ಮೂಗಿಗೆ ತನ್ನ ಊರು ಮಾತ್ರ ಸಿಕ್ಕಿರಲಿಲ್ಲ.

ಮತ್ತೆ ಒಂದು ವರ್ಷ ಕಾಯಬೇಕಾಯಿತು. ಮತ್ತೆ ನಲವತ್ತು ದಿನದ ಒಣಗು, ಜರಡಿಯ ಮಳೆ, ಹೂವು. ಮೇ ತಿಂಗಳ ಕೊನೆಯಲ್ಲಿ ಬಿರುಗಾಳಿಗೆ ಸೀರೆಗಳು ಹರಿದು, ಎರಡೇ ದಿನದಲ್ಲಿ ಬಿಸಿಲು ಬಡಿದು ಅರ್ಧದಷ್ಟು ಕಾಯಿ ಉದುರಿದವು. ಉಳಿದವನ್ನು ಯಂಕಮ್ಮ ಬೆರಳಲ್ಲಿ ಎಣಿಸಿ ಇಟ್ಟುಕೊಂಡಿದ್ದರು. ಗಿಡದ ಕೆಳಗಿನ ಎಲೆಗಳು ಅಂಚಿನಲ್ಲಿ ಸುಡುತ್ತಿದ್ದವು. ಇನ್ನೆಷ್ಟು ವರ್ಷ ಅದು ಬಾಳುತ್ತದೋ ಹೇಳಲಾಗುತ್ತಿರಲಿಲ್ಲ. ಈ ಸಲ ತಪ್ಪಿದರೆ ತಿಳಿಯುವ ದಾರಿಯೇ ಮುಚ್ಚಬಹುದು ಎನ್ನುವುದು ಅವರಿಗೆ ಗೊತ್ತಿತ್ತು.

ಈ ಜನವರಿಯಲ್ಲಿ ಹಣ್ಣು ಕೆಂಪಾದಾಗ ಮೊದಲು ಇಪ್ಪತ್ತೊಂದು ಹಣ್ಣು ಬಿಡಿಸಿ, ಬಾಳೆ ಎಲೆಯಲ್ಲಿಟ್ಟು, ದೊಡ್ಡಬಸವೇಶ್ವರನ ಗುಡಿಗೆ ಒಯ್ದರು. ಆ ದಿನ ನಾನೂ ಜೊತೆಗಿದ್ದೆ. ಅರ್ಚಕರು ಎಲೆ ಬಿಚ್ಚಿ ನೋಡಿದರು.

"ಏನವ್ವ ಇದು, ಬಾರಿ ಹಣ್ಣಾ?"

"ಕಾಫಿ ಹಣ್ಣು ರೀ ಸ್ವಾಮ್ಯಾರ. ನಮ್ಮ ಹಿತ್ತಲದಾಗ ಬೆಳದದ್ದು."

"ಕುರುಗೋಡಾಗ ಕಾಫಿ! ಬಸವಣ್ಣ ಇಷ್ಟು ವರ್ಷಕ್ಕ ಇದೊಂದು ನೋಡಿದ್ದಿಲ್ಲ, ನೋಡ್ಲಿ ತಗೋ" ಎಂದು ಅವರು ಅಷ್ಟೂ ಹಣ್ಣನ್ನು ಆ ದೊಡ್ಡ ಕಲ್ಲಿನ ಮೂರ್ತಿಯ ಪಾದದ ಹತ್ತಿರ ಇಟ್ಟು, ಮಂಗಳಾರತಿ ಮಾಡಿ, ಒಂದು ಹಣ್ಣನ್ನು ಪ್ರಸಾದವೆಂದು ಹಿಂದಕ್ಕೆ ಕೊಟ್ಟರು. ಯಂಕಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದರು. ಏನು ಬೇಡಿಕೊಂಡಿರೆಂದು ನಾನು ಕೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಾಗ ಅವರೇ ಹೇಳಿದರು: "ವಾದದಾಗ ಸೋತ್ರೂ ಅಡ್ಡಿಯಿಲ್ಲ, ಆ ರುಚಿ ಒಂದು ಲೋಟ ಬರ್ಲಿ ಅಂದೆ."

ಈ ಸಲ ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ತೋಟದಲ್ಲಿ ಮಾಡುವ ಹಾಗೆಯೇ ಹಣ್ಣು ಹಿಸುಕಿ ಬೀಜ ತೆಗೆದು, ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಲೋಳೆ ಹೋಗುವ ತನಕ ತೊಳೆದರು. ಒಗೆದ ಬಿಳಿ ಧೋತರವನ್ನು ಹಗ್ಗದ ಹೊರಸಿನ ಮೇಲೆ ಹಾಸಿ ಅಂಗಳದಲ್ಲಿ ಒಣಹಾಕಿದರು. ರೇಣುಕಾಳ ಮೆಣಸಿನಕಾಯಿಯಿಂದ ಗಾಳಿ ಬಂದಾಗಲೆಲ್ಲ ಹೊರಸನ್ನು ಎತ್ತಿ ಮನೆಯ ಆಚೆ ಬದಿಗೆ ಇಡುವ ಕೆಲಸ ಪಕ್ಕೀರಪ್ಪನವರದು. ಗಾಳಿಯ ದಿಕ್ಕು ತಿಳಿಯಲೆಂದು ಅವರು ಗೋಡೆಗೆ ಒಂದು ಚಿಂದಿ ಕಟ್ಟಿದ್ದರು. ಊರಿನವರ ಮೂಗನ್ನು ನಂಬುವ ಹಾಗಿರಲಿಲ್ಲವಾದ್ದರಿಂದ, ಆ ದಿನವಷ್ಟೇ ಹಲಕುಂದಿಯಿಂದ ಬಂದಿದ್ದ ನಂಟರೊಬ್ಬರ ಕೈಗೆ ಬೀಜ ಕೊಟ್ಟು, ಖಾರದ ವಾಸನೆ ಇಲ್ಲವೆಂದು ಖಚಿತ ಮಾಡಿಕೊಂಡರು.

ಒಂದು ಸೋಮವಾರ ಚಂದ್ರಣ್ಣ ದೊಡ್ಡಬಸವೇಶ್ವರನ ದರ್ಶನಕ್ಕೆ ಕುರುಗೋಡಿಗೆ ಬಂದವರು ಬಾಣಲೆಯನ್ನೂ ಕೈಗಿರಣಿಯನ್ನೂ ಕಾರಿನಲ್ಲಿ ತಂದಿದ್ದರು. ಹಿತ್ತಲ ಒಲೆಯ ಮುಂದೆ ಪಂಚೆ ಎತ್ತಿ ಕಟ್ಟಿ ಕೂತು, ಯಾರಿಗೂ ಕೈ ಹಾಕಲು ಬಿಡದೆ ತಾವೇ ಹುರಿದರು. ಬೀಜ ಒಂದೇ ಸಮ ಬಣ್ಣ ತಿರುಗಿ ಚಟಪಟ ಎಂದಿತು. ಯಾರೂ ಕೆಮ್ಮಲಿಲ್ಲ. ಆರಲು ಬಿಟ್ಟು, ಬೀಸಿ, ಡಿಕಾಕ್ಷನ್ ಇಳಿಸಿದಾಗ ಐದು ಸಣ್ಣ ಲೋಟದಷ್ಟಾಯಿತು. ಹಾಲಿಲ್ಲ, ಚೂರೇ ಚೂರು ಬೆಲ್ಲ. ಒಂದು ಲೋಟ ದೇವರ ಜಗುಲಿಗೆ ಹೋಯಿತು. ಉಳಿದ ನಾಲ್ಕು ಯಂಕಮ್ಮ, ಪಕ್ಕೀರಪ್ಪ, ಚಂದ್ರಣ್ಣ ಮತ್ತು ನನಗೆ.

ಯಂಕಮ್ಮ ಲೋಟ ಎತ್ತಿ ಒಂದು ಗುಟುಕು ಕುಡಿದರು. ಬಾಯಲ್ಲೇ ಹಿಡಿದುಕೊಂಡರು. ಇನ್ನೊಂದು ಗುಟುಕು. ಅವರ ಮುಖವನ್ನೇ ನೋಡುತ್ತಿದ್ದ ಚಂದ್ರಣ್ಣ ತಮ್ಮ ಲೋಟ ಮುಟ್ಟಿರಲಿಲ್ಲ.

"ಬಂತೇನು?"

ಯಂಕಮ್ಮ ತಲೆ ಅಲ್ಲಾಡಿಸಿದರು. "ಇಲ್ರೀ. ಕಿತ್ತಳಿ ಇಲ್ಲ. ನಾಲಿಗಿ ಹಿಂದಿನ ಸಿಹಿನೂ ಇಲ್ಲ."

ಚಂದ್ರಣ್ಣ ಕುಡಿದರು. ಹುಳಿ ಹೆಸರಿಗೂ ಇರಲಿಲ್ಲ. ಹುರಿದ ಶೇಂಗಾ ಸಿಪ್ಪೆಯಂಥ ಒಗರು, ದಪ್ಪ, ಮತ್ತು ಕೊನೆಯಲ್ಲಿ ಬೇರೆ ಏನೋ ಒಂದು. ಅದು ಏನೆಂದು ಅವರಿಗೂ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಮುಗೀತು ಬಿಡಮ್ಮ. ನೀ ಗೆದ್ದಿ" ಎಂದರು ಚಂದ್ರಣ್ಣ.

"ಹೂಂ ರೀ, ಗೆದ್ದೆ" ಎಂದು ಯಂಕಮ್ಮ ಲೋಟ ಕೆಳಗಿಟ್ಟರು. ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡರು.

ಪಕ್ಕೀರಪ್ಪ ಜೀವನದಲ್ಲಿ ಮೊದಲ ಸಲ ಕಾಫಿ ಕುಡಿದು, ಲೋಟದ ತಳ ನೋಡುತ್ತ ಕೂತಿದ್ದರು.

"ಏ, ಇದು ನಮ್ಮ ಹಿತ್ತಲದ ವಾಸನಿ ಅಲ್ಲೇನು?"

"ಏನು?"

"ನೀ ಸಂಜಿಮುಂದ ಬಂದು ಗಿಡಕ್ಕ ಮೊದಲ ಕೊಡ ಹಾಕ್ತಿ ನೋಡು. ನೆಲ ಕಾದಿರ್ತೈತಿ. ಆಗ ಭುಸ್ ಅಂತ ಒಂದು ವಾಸನಿ ಏಳ್ತೈತಿ. ಗರಸು, ಬೇವಿನ ಎಲಿ, ಬೂದಿ, ಎಲ್ಲ ಕೂಡಿ. ಮೂವತ್ತು ವರ್ಷ ಕಾಲುವಿ ದಂಡಿ ಮ್ಯಾಲೆ ಇದನ್ನ ಮೂಸೀನಿ. ಒಣ ಕಾಲುವಿಗೆ ಮೊದಲ ನೀರು ಬಂದಾಗ ಇದೇ ವಾಸನಿ."

"ಚಹಾ ಕುಡಿಯೋರಿಗೆ ಏನು ತಿಳೀತೈತಿ" ಎಂದರು ಯಂಕಮ್ಮ. ಆದರೆ ಲೋಟವನ್ನು ಮತ್ತೆ ಕೈಗೆ ತೆಗೆದುಕೊಂಡರು. ಉಳಿದಿದ್ದುದನ್ನು ನಿಧಾನವಾಗಿ ಕುಡಿದರು. ಎದ್ದು ಒಳಗೆ ಹೋಗಿ, ಹುರಿಯದೆ ಉಳಿಸಿಕೊಂಡಿದ್ದ ಸಣ್ಣ ಹಿಡಿಯಷ್ಟು ಬೀಜ ತಂದು, ಅಂಗೈ ಮುಚ್ಚಿ ಉಸಿರು ಊದಿದರು. ಮೂಗಿಟ್ಟರು. ಆಮೇಲೆ ಕೊಡ ಎತ್ತಿಕೊಂಡು ಗಿಡದ ಬುಡಕ್ಕೆ ನೀರು ಸುರಿದು, ಬಿಸಿ ನೆಲದ ಮೇಲೆ ಮೊಣಕಾಲೂರಲು ಆಗದೆ, ಗೋಡೆ ಹಿಡಿದು ಬಾಗಿ ಮೂಸಿದರು. ಮತ್ತೆ ಅಂಗೈ. ಮತ್ತೆ ನೆಲ. ಹೀಗೆ ಮೂರು ನಾಲ್ಕು ಸಲ ಮಾಡಿದರು. ಒಗಟು ಬಿಡಿಸುವ ಮಗುವಿನಂತಿತ್ತು ಮುಖ.

"ಅಯ್ಯ, ಹೌದಲ್ರೀ!" ಎಂದು ಗಂಡನ ಕಡೆ ತಿರುಗಿದರು. "ಎಂಟು ವರ್ಷ ದಿನಾ ಮೂಸೀನಿ. ಹೆಂಗ ಸಿಗ್ಲಿಲ್ಲ ನನಗ?"

"ದಿನಾ ಮೂಸಿದ್ದಕ್ಕ ಸಿಕ್ಕಿಲ್ಲ. ನನ್ನೂ ಹಂಗ ಮರ್ತಿ ನೀನು."

"ನಿಮ್ಮನ್ನ ಮರೀಬೇಕಂದ್ರ ಬೀಡಿ ವಾಸನಿ ಬಿಡಬೇಕಲ್ಲ" ಎಂದರು ಯಂಕಮ್ಮ, ಮತ್ತು ಆ ಸಂಜೆ ಮೊದಲ ಸಲ ನಕ್ಕರು.

ಚಂದ್ರಣ್ಣನವರಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ವಾದದಲ್ಲಿ ಸೋತದ್ದಕ್ಕಲ್ಲ. ಯಂಕಮ್ಮ ಮೂಗು ಒರೆಸಿಕೊಂಡದ್ದನ್ನು ಅವರು ನೋಡಿದ್ದರು. ಹೊರಡುವ ಮುಂಚೆ ಗಿಡದ ಹತ್ತಿರ ನಿಂತು, ಸುಟ್ಟ ಎಲೆಯೊಂದನ್ನು ತಿರುವಿ ನೋಡಿ ಹೇಳಿದರು:

"ಯಂಕಮ್ಮ, ಒಂದು ಮಾತು ಹೇಳ್ತೀನಿ. ಮುಂದಿನ ವಾರ ನಮ್ಮ ಮಾಲು ತರಾಕ ಲಾರಿ ಆ ಕಡಿ ಹೋಗ್ತೈತಿ. ನಿನ್ನ ತೋಟ ದಾರ್ಯಾಗ ಐತಿ. ಆ ರೈಟರಿಗೆ ಫೋನ್ ಮಾಡಿ ಗಾಳಿ ಪಟ್ಟಿ ಮಣ್ಣು ಹತ್ತು ಚೀಲ ತುಂಬಿಸ್ತೀನಿ. ಇಲ್ಲಿ ಗುಂಡಿ ತೋಡಿಸಿ, ಈ ಗರಸು ತೆಗಿಸಿ, ಆ ಮಣ್ಣು ಹಾಕ್ಸೋಣ. ಆಳು ನಂದು, ಲಾರಿ ನಂದು. ನೀ ಸುಮ್ಮನ ನೋಡ್ತಾ ನಿಂದ್ರು. ಪೂರಾ ಬರ್ಲಿಕ್ಕಿಲ್ಲ, ಅರ್ಧ ರುಚಿನಾದ್ರೂ ಬಂದೀತು."

ಪಕ್ಕೀರಪ್ಪ ಹೆಂಡತಿಯ ಮುಖ ನೋಡಿದರು. ಯಂಕಮ್ಮ ಗಿಡದ ಕಡೆ ನೋಡಿದರು. ಹಿಡಿಯಲ್ಲಿದ್ದ ಬೀಜಕ್ಕೆ ಇನ್ನೊಂದು ಸಲ ಉಸಿರು ಊದಿ ಮೂಸಿದರು.

"ಬ್ಯಾಡ್ರೀ ಅಣ್ಣಾರ" ಎಂದರು. "ನೀವು ಅಂದ್ರಲ್ಲ, ಅಷ್ಟೇ ಸಾಕು. ಮಣ್ಣು ತರ್ತೀರಿ, ಸರಿ. ಅಲ್ಲೀ ರಾತ್ರಿ ಥಂಡಿ ಯಾವ ಚೀಲದಾಗ ತುಂಬಿಸ್ತೀರಿ?"

"ಅರ್ಧಾನಾದ್ರೂ..."

"ಅರ್ಧ ಬ್ಯಾಡ್ರಿ. ಅವ್ವ ಕುಡಿದಿದ್ದು ನನ್ನ ನೆನಪಿನಾಗ ಪೂರಾ ಐತಿ, ಅರ್ಧ ಬಂದ್ರ ಅದೂ ಕೆಟ್ಟೀತು." ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಂಡರು. "ಇದು ಈ ವರ್ಷ ಬಿಸಿಲಿಗೆ ಬಡಿಸ್ಕೊಂಡು ಹಿಂಗ ಬಂದೈತಿ. ಬರೋ ವರ್ಷ ಸೀರಿ ಹರೀಲಾರದಂಗ ಕಟ್ತೀನಿ, ಆಗ ಹೆಂಗ ಬರ್ತೈತೋ. ಈಗ ನೀವು ಮಣ್ಣು ಬದಲು ಮಾಡಿಸಿದ್ರ, ನಮ್ಮ ಹಿತ್ತಲದ ರುಚಿ ಯಾವುದು ಅಂತ ನಾ ಹೆಂಗ ತಿಳೀಲಿ?"